ತಪ್ಪುಕಾಣಿಕೆ ಯಾರಿಗೆ ಸಲ್ಲಬೇಕು?

'ತಪ್ಪುಕಾಣಿಕೆ' ಎಂಬುದು ನಮ್ಮ ಹಳ್ಳಿಗಳಿಗೆ ಪರಿಚಿತವಾದ ಮಾತು. ಮಾಡಿದ ತಪ್ಪಿಗಾಗಿ ದೇವರಿಗೆ ಒಪ್ಪಿಸುವ ಹಣವದು. ನಷ್ಟಕ್ಕೊಳಗಾದವನಿಗೆ ಅದರಲ್ಲಿ ಪಾಲಿಲ್ಲ. ನ್ಯಾಯಾಲಯದ ದಂಡವೂ ಬಹುಮಟ್ಟಿಗೆ ಹೀಗೆಯೇ ಖಜಾನೆಯನ್ನು ಸೇರುತ್ತದೆ. ತಪ್ಪು ಮಾಡಿದವನು ನೊಂದವರಿಗೇ ಉತ್ತರ ಹೇಳಿ, ಆದ ಹಾನಿಯನ್ನು ಕೈಲಾದಷ್ಟು ಸರಿಪಡಿಸಬೇಕೆಂಬ ವಿಚಾರವನ್ನು ನಾವು 'ಪುನಃಸ್ಥಾಪಕ ನ್ಯಾಯ' ಎಂದು ಕರೆಯಬಹುದು.

ಚೆನ್ನೈನ ಕೋಯಂಬೇಡನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಕೊತ್ತವಾಲ್ ಚಾವಡಿಯ ಸಗಟು ತರಕಾರಿ ವ್ಯಾಪಾರ 1996ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡಿತು. ಹೂವಿನ ಮಾರುಕಟ್ಟೆಯೂ ಇಲ್ಲಿದೆ. ನಸುಕಿನ ಗದ್ದಲದಲ್ಲಿ ಹದಿನಾರರ ಹುಡುಗನೊಬ್ಬ ಹೂವಾಡಗಿತ್ತಿಯ ದುಡ್ಡಿನ ಚೀಲವನ್ನು ಕದ್ದು ಸಿಕ್ಕಿಬಿದ್ದನೆಂದು ಭಾವಿಸೋಣ. ಅವನನ್ನು ವೀಕ್ಷಣಾಲಯಕ್ಕೆ ಕಳುಹಿಸಿದ ಮಾತ್ರಕ್ಕೆ ಆಕೆಯ ಹಣ ಬಾರದು, ಅಂಜಿಕೆಯೂ ಹೋಗದು. ಅದು ಆಕೆಯ ಮರುದಿನದ ಬಂಡವಾಳವಾಗಿತ್ತೆಂಬುದು ಹುಡುಗನಿಗೆ ತಿಳಿಯುವುದೂ ಇಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಬೇಕಾದರೆ ಮೊದಲು ಆಕೆಯ ಒಪ್ಪಿಗೆ ಬೇಕು. ಇಬ್ಬರೊಡನೆಯೂ ಪ್ರತ್ಯೇಕವಾಗಿ ಮಾತನಾಡಬೇಕು. ಒಪ್ಪಂದವಾದ ಮೇಲೆ ತಿಂಗಳುಗಟ್ಟಲೆ ಅದರ ಪಾಲನೆಯನ್ನು ಗಮನಿಸಬೇಕು. ಇದು ತರಬೇತಿಯುಳ್ಳ, ಸಂಬಳ ಪಡೆಯುವ ವ್ಯಕ್ತಿಯ ಕೆಲಸವೇ ಹೊರತು ಪರೋಪಕಾರಿಗಳ ಬಿಡುವಿನ ಕೆಲಸವಲ್ಲ.

ಕಾನೂನು ಇದಕ್ಕೆ ಅಡ್ಡಿಯಾಗಿಲ್ಲ. 2015ರ ಬಾಲನ್ಯಾಯ ಕಾಯಿದೆಯ 18ನೆಯ ಕಲಮು ಬುದ್ಧಿವಾದ, ಸಮಾಲೋಚನೆ, ಸಮುದಾಯ ಸೇವೆಗಳನ್ನು ಹೇಳಿದ ಬಳಿಕವೇ ವಿಶೇಷ ಗೃಹದ ಮಾತೆತ್ತುತ್ತದೆ. ರಾಜ್ಯಗಳು ಬಾಲನ್ಯಾಯ ನಿಧಿಯನ್ನು ಸ್ಥಾಪಿಸಬಹುದೆಂದು 105ನೆಯ ಕಲಮು ಹೇಳುತ್ತದೆ. ಈ 'ಬಹುದು' ಎಷ್ಟು ಸಡಿಲವಾದ ಕ್ರಿಯಾರೂಪವೆಂದು ಕನ್ನಡ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ! ತಮಿಳುನಾಡು, ಕರ್ನಾಟಕಗಳಂಥ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ವೆಚ್ಚ ಹಂಚಿಕೊಳ್ಳುವ 'ಮಿಷನ್ ವಾತ್ಸಲ್ಯ'ದ 2022ರ ಮಾರ್ಗಸೂಚಿಯು ಸಂಸ್ಥೆಯಲ್ಲಿರುವ ಮಗುವಿನ ನಿರ್ವಹಣೆಗೆ ತಿಂಗಳಿಗೆ 3000 ರೂಪಾಯಿ ಗೊತ್ತುಪಡಿಸಿದೆ. ಅದರ ಜಿಲ್ಲಾ ಘಟಕದಲ್ಲಿ ಪ್ರೊಬೇಷನ್ ಅಧಿಕಾರಿಯುಂಟು, ಸಮಾಲೋಚಕರುಂಟು. ನೊಂದವರ ಮನೆಬಾಗಿಲಿಗೆ ಹೋಗುವ ಸಂಧಾನಕಾರನಿಗೆ ಪ್ರತ್ಯೇಕ ಹುದ್ದೆಯಿಲ್ಲ.

ಮಗುವಿಗಿಂತ ಕಟ್ಟಡವನ್ನು ನಂಬುವ ಅಭ್ಯಾಸ ಹಳೆಯದು. ಚೆಂಗಲ್ಪಟ್ಟಿನಲ್ಲಿ ಸುಧಾರಣಾ ಶಾಲೆ ಹುಟ್ಟಿದ್ದು 1887ರಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿಗಳನ್ನೂ ಒಳಗೊಂಡಿದ್ದ ಮದರಾಸು ಪ್ರಾಂತವು 1920ರಲ್ಲಿ ಮಕ್ಕಳ ಕಾಯಿದೆಯನ್ನು ತಂದಿತು. ಭಾರತದಲ್ಲಿ ಅಂಥ ಕಾಯಿದೆಗಳಲ್ಲಿ ಅದೇ ಮೊದಲನೆಯದು. ಅದೇ ಚೆಂಗಲ್ಪಟ್ಟಿನ ವಿಶೇಷ ಗೃಹದಲ್ಲಿ 2022ರ ಡಿಸೆಂಬರಿನಲ್ಲಿ ಬಾಲಕನೊಬ್ಬ ಸತ್ತು, ಸಿಬ್ಬಂದಿಯ ಬಂಧನವಾಯಿತು. ಬಳಿಕ ತಮಿಳುನಾಡು ಸರ್ಕಾರ ಇಂಥ ಗೃಹಗಳ ಸುಧಾರಣೆಗಾಗಿ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿಯನ್ನು ನೇಮಿಸಿತು.

ನ್ಯೂಜಿಲೆಂಡಿನ 1989ರ ಕಾಯಿದೆ ಬಾಲಕನ ಕುಟುಂಬ ಮತ್ತು ನೊಂದವರು ಒಟ್ಟಿಗೆ ಕೂಡುವ ಸಭೆಯನ್ನು ಕಾನೂನಿನ ಭಾಗವನ್ನಾಗಿಸಿತು. ಅದನ್ನು ಕರೆಯುವ ಸಂಯೋಜಕರು ಸರ್ಕಾರದ ನೌಕರರೇ. ನಮ್ಮ ಪಂಚಾಯಿತಿ ಕಟ್ಟೆಯೇ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅಲ್ಲಿ ಜಾತಿ ಬಲವೂ ಹಣದ ಬಲವೂ ಬಡವರ ಬಾಯಿಂದ 'ಒಪ್ಪಿದೆ' ಎನ್ನಿಸಿದ್ದನ್ನು ನಾವು ಕಂಡಿದ್ದೇವೆ. ಸಂಧಾನಕಾರನ ಸಂಬಳ ಯಾರ ಹಂಗೂ ಇಲ್ಲದ ಸಾರ್ವಜನಿಕ ಹಣದಿಂದ ಬರಬೇಕಾದುದು ಇದಕ್ಕಾಗಿಯೇ. ಸಭೆಗೆ ಬರುವ ಹೂವಾಡಗಿತ್ತಿ ಅಂದಿನ ವ್ಯಾಪಾರವನ್ನು ಬಿಟ್ಟು ಬರುತ್ತಾಳೆ. ಆ ಒಂದು ದಿನದ ಗಳಿಕೆಯೂ ಅದೇ ಲೆಕ್ಕದಲ್ಲಿ ಸೇರಬೇಕು.