ಒಂದೂವರೆ ಗಂಟೆಯ ದಾರಿ

ಸದಾಶಿವ ಪೇಠೆಯ ನಮ್ಮ ಮನೆಗೆ ಬೆಂಗಳೂರಿನಿಂದ ವಿಮಾನದಲ್ಲಿ ಬರುವ ನೆಂಟರನ್ನು ಪ್ರಯಾಣ ಹೇಗಾಯಿತೆಂದು ಕೇಳಿದರೆ ಉತ್ತರ ಒಂದೇ: "ಒಂದೂವರೆ ಗಂಟೆ, ಗೊತ್ತೇ ಆಗಲಿಲ್ಲ." ಈ ಮಾತಿನಲ್ಲಿ ಅಡಗಿರುವ ತಪ್ಪು ಲೆಕ್ಕವನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಪುಣೆಯ ಲೋಹಗಾಂವ್ ನಿಲ್ದಾಣಕ್ಕೂ ದೇವನಹಳ್ಳಿಯ ನಿಲ್ದಾಣಕ್ಕೂ ನೇರ ಆಕಾಶಮಾರ್ಗದ ಅಂತರ ಸುಮಾರು 720 ಕಿ.ಮೀ.; ರಸ್ತೆಯ ದಾರಿ 840 ಕಿ.ಮೀ.ಗಳಷ್ಟು. ಸೊಲ್ಲಾಪುರ, ಗುಂತಕಲ್ಲುಗಳನ್ನು ಬಳಸಿ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಇಪ್ಪತ್ತು ಗಂಟೆಗಳ ಆಸುಪಾಸು ಬೇಕು. ಇದರೆದುರು ಒಂದೂವರೆ ಗಂಟೆ ನಿಜಕ್ಕೂ ಸೋಜಿಗವೇ. ಆದರೆ ಅದು ವಿಮಾನದ ಹೊತ್ತು, ಪ್ರಯಾಣಿಕನದಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣವು ಊರೊಳಗಿನಿಂದ ದೇವನಹಳ್ಳಿಗೆ ಹೋದ ಮೇಲೆ ಜಯನಗರದಿಂದ ಅಲ್ಲಿಗೆ ಮುಟ್ಟಲು ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ತಪಾಸಣೆಗೆಂದು ಎರಡು ಗಂಟೆ ಮುಂಚಿತವಾಗಿ ಹೋಗಬೇಕು. ಇಳಿದ ಮೇಲೆ ಸಾಮಾನಿಗೆ ಅರ್ಧ ಗಂಟೆ, ಪೇಠೆಯ ಮನೆಗೆ ಒಂದು ಗಂಟೆ. ಒಟ್ಟು ಏಳು ಗಂಟೆ!

ಈ ಲೆಕ್ಕವನ್ನು ನಾನು ಕಲಿತದ್ದು ನನ್ನ ತಾಯಿಯವರಿಂದ. ಅವರಿಗೆ ಮಧುಮೇಹ. ಹೊರಡುವ ದಿನ ಬೆಳಗಿನ ಆರಕ್ಕೆ ಮಾತ್ರೆ ನುಂಗಿ, "ಒಂದೂವರೆ ಗಂಟೆಯ ದಾರಿಗೆ ತಿಂಡಿಯೇಕೆ? ಮಗನ ಮನೆಯಲ್ಲಿಯೇ ಉಣ್ಣುತ್ತೇನೆ" ಎಂದು ಬರಿ ಕಾಫಿ ಕುಡಿದು ಹೊರಟರಂತೆ. ಮಧ್ಯಾಹ್ನ ನಿಲ್ದಾಣದಿಂದ ಕರೆತರುವಾಗ ಯರವಡಾದ ಬಳಿ ಅವರ ಕೈ ನಡುಗಿತು, ಮೈ ಬೆವರಿತು; ನನ್ನನ್ನು ತಮ್ಮನ ಹೆಸರಿನಿಂದ ಕರೆದರು. ಚಹದ ಅಂಗಡಿಯಿಂದ ಸಕ್ಕರೆ ತಂದು ನೀರಿನಲ್ಲಿ ಕಲಸಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡು, "ಊಟಕ್ಕೆ ಹೊತ್ತಾಯಿತೇನೋ?" ಎಂದರು. ಆ ಕಾಲು ಗಂಟೆಯನ್ನು ನಾನು ಮರೆಯಲಾರೆ.

ಮಾತ್ರೆಯಾಗಲಿ ಇನ್ಸುಲಿನ್ ಆಗಲಿ ಹೊಟ್ಟೆಗೆ ಅನ್ನ ಬೀಳಲೆಂದು ಕಾಯುವುದಿಲ್ಲ. ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ನಡುಕ, ಬೆವರು, ತಡವರಿಕೆ. ಇನ್ನೂ ಇಳಿದರೆ ಪ್ರಜ್ಞೆಯೇ ತಪ್ಪಬಹುದು. ಆಗ ಮೂರು ಟೀ ಚಮಚದಷ್ಟು, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ಕೊಟ್ಟು, ಹದಿನೈದು ನಿಮಿಷ ನೋಡಿ, ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಡಬೇಕು. ಚೇತರಿಸಿದೊಡನೆ ಊಟ ಅವಶ್ಯ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಆದುದರಿಂದ ಹಿರಿಯರ ಊಟ-ಔಷಧಗಳನ್ನು ಬಾಗಿಲಿನಿಂದ ಬಾಗಿಲಿಗೆ ಎಣಿಸಿ ಗೊತ್ತುಪಡಿಸಬೇಕು. ಔಷಧ, ವೈದ್ಯರ ಚೀಟಿ, ಚಪಾತಿ, ಒಂದಿಷ್ಟು ಸಕ್ಕರೆ ಕೈಚೀಲದಲ್ಲಿಯೇ ಇರಲಿ. ಇನ್ಸುಲಿನ್ನನ್ನು ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡಬಾರದು. ಚಳಿಯಿಂದ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಶೌಚಕ್ಕೆ ಏಳಬೇಕಾದೀತೆಂದು ನೀರನ್ನು ಬಿಡುವುದೂ ಸಲ್ಲದು. ವಿಮಾನವಿಳಿಯುವಾಗ ಕಿವಿ ಕಟ್ಟಿದರೆ ಉಗುಳು ನುಂಗುತ್ತಿರಬೇಕು. ರಾತ್ರಿ ಬಸ್ಸಿನಲ್ಲಿ ಬರುವವರೂ ನಿಶ್ಚಿಂತರಾಗುವಂತಿಲ್ಲ: ನಾಲ್ಕು ಗಂಟೆಗೂ ಮೀರಿ ಅಲುಗದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುವುದೆಂದೂ, ಇದು ವಿಮಾನಕ್ಕಷ್ಟೇ ಅಲ್ಲದೆ ಬಸ್ಸು, ರೈಲುಗಳಿಗೂ ಅನ್ವಯಿಸುವುದೆಂದೂ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿದೆ. ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯುವುದು ಹಿತ.

ಈಗಲೂ ತಾಯಿಯವರು ವಿಮಾನದಲ್ಲಿಯೇ ಬರುತ್ತಾರೆ. ಆದರೆ ತಮ್ಮ ಅವರಿಗೆ ಇಡ್ಲಿ ತಿನ್ನಿಸಿಯೇ ಟ್ಯಾಕ್ಸಿ ಕರೆಯುತ್ತಾನೆ. ಹೊರನಾಡಿನಲ್ಲಿರುವ ನಮಗೆ ತವರಿನ ದೂರವನ್ನು ವಿಮಾನವು ತಗ್ಗಿಸಿದೆ, ನಿಜ. ಹಿರಿಯರ ಹಸಿವನ್ನು ಅದು ತಗ್ಗಿಸಿಲ್ಲ.