ವಿಭೂತಿಹಳ್ಳಿಯ ಸಂದುಚುಕ್ಕಿ

ಶಹಾಪುರದಿಂದ ವಿಭೂತಿಹಳ್ಳಿಗೆ ಆಟೋದಲ್ಲಿ ಹೊರಟಾಗ ಅಕ್ಕನ ಮಗ ಮೊಬೈಲಿನಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುತ್ತಿದ್ದ. ಆಟದಲ್ಲಿ ಕೆಲವು ಗ್ರಹಗಳ ಸುತ್ತ ಚುಕ್ಕಿಚುಕ್ಕಿಯ ಬಳೆ, ಕೆಲವಕ್ಕೆ ಓರೆಗೀರು. ಯಾವುದಕ್ಕೂ ವಿವರಣೆ ಇಲ್ಲ.

"ಮಾಮಾ, ಇದು ಕಕ್ಷೆ ಏನು, ಇಲ್ಲಾ ಇಳೀಬ್ಯಾಡ ಅಂತ ಬೇಲಿ ಹಾಕ್ಯಾರ?"

"ನಾವು ಹೊಂಟಿದ್ದೂ ಅಂಥಾದ್ದೇ ಜಾಗಕ್ಕ," ಎಂದೆ. ಅವನಿಗೆ ನಂಬಿಕೆ ಬರಲಿಲ್ಲ.

ಇಳಿದ ಮೇಲಂತೂ ಪೂರಾ ನಿರಾಸೆ. ಈ ಸೀಮೆಯಲ್ಲಿ ಗುಂಡುಗಲ್ಲಿಗೇನು ಬರವೇ? ಶಹಾಪುರದ ಗುಡ್ಡವೇ ಬುದ್ಧ ಮಲಗಿದಂತೆ ಕಾಣುವ ಬಂಡೆಗಳ ರಾಶಿ. ಇಲ್ಲಿಯವು ಅದೇ ಜಾತಿಯ ಗ್ರಾನೈಟ್ ಕಲ್ಲು; ಕೆತ್ತನೆಯಿಲ್ಲ, ಅಕ್ಷರವಿಲ್ಲ. ಇವಕ್ಕೆ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆ ಏಕೆ ಎನ್ನಿಸುತ್ತದೆ. ನಾಲ್ಕು ಹೆಜ್ಜೆ ಅಡ್ಡ ಸರಿದಾಗ ಗೊತ್ತಾಗುತ್ತದೆ. ಚೆಲ್ಲಾಪಿಲ್ಲಿ ಬಿದ್ದ ಕಲ್ಲುಗಳು ತಟ್ಟನೆ ಸಾಲಾಗುತ್ತವೆ. ಇನ್ನೆರಡು ಹೆಜ್ಜೆಗೆ ಸಾಲು ಮುರಿದು, ಬೇರೊಂದು ಕಡೆಗೆ ಹೊಸ ಸಾಲು ತೆರೆಯುತ್ತದೆ. ನಾಲ್ಕು ಕಲ್ಲಿನ ಚೌಕ, ನಡುವೆ ಒಂದು ಕಲ್ಲು. ನಮ್ಮವ್ವ ಅಂಗಳದಲ್ಲಿ ಇಡುತ್ತಿದ್ದ ಸಂದುಚುಕ್ಕಿಯೇ ಸೈ. ಚುಕ್ಕಿ ಇಟ್ಟವರು ಎಳೆ ಎಳೆಯದೆ ಎದ್ದು ಹೋಗಿದ್ದಾರೆ.

ಈ ಕಲ್ಲುಸಾಲುಗಳನ್ನು ಬರಹಕ್ಕೆ ತಂದವರಲ್ಲಿ ಮೊದಲಿಗ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿದ್ದು ಆಡಳಿತ ನೋಡಿಕೊಂಡವನು. ಸುರಪುರದ ಟೇಲರ್ ಮಂಜಿಲ್ ಅವನದೇ. ರಾಜನಕೋಳೂರಿನ ಕಲ್ಗೋರಿಗಳನ್ನೂ ಅಳೆದು ಬರೆದ. ಅವನ್ನು ಜನ ಮೋರ್ಯರ ಮನೆ ಎನ್ನುತ್ತಾರೆ. ಮೂರಡಿ ಎತ್ತರದ ಕುಳ್ಳರು ಕಟ್ಟಿಕೊಂಡ ಮನೆಗಳಂತೆ. ಟೇಲರನಿಗೋ ಇವು ತನ್ನ ನಾಡಿನ ಪುರಾತನ ಪೂಜಾರಿಗಳಾದ ದ್ರೂಯಿಡರ ನೆನಪು ತಂದವು. ಕುಳ್ಳರ ಕಥೆ ಅವನ ಊಹೆಗಿಂತ ತೀರಾ ಕಡಿಮೆಯದೇನಲ್ಲ.

1990ರ ದಶಕದಲ್ಲಿ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಇಲ್ಲಿಯ ಸಾಲುಗಳನ್ನು ಅಳೆದು, ಇವು ಸೂರ್ಯ ಹುಟ್ಟುವ, ಮುಳುಗುವ ದಿಕ್ಕನ್ನು ಗುರುತಿಸುವ ಏರ್ಪಾಡಾಗಿರಬಹುದು ಎಂದರು. ಎರಡು ಸಾವಿರಕ್ಕೂ ಹೆಚ್ಚು ಕಲ್ಲುಗಳಿರುವ ಹನಮಸಾಗರದ ಬಗೆಗೂ ಅದೇ ಮಾತು.

ಮಾತು ಸೊಗಸಾಗಿದೆ. ಆದರೂ ಅಲ್ಲೇ ಕಲ್ಲಿಗೆ ಒರಗಿ ಲೆಕ್ಕ ಹಾಕಿದೆ. ಶಹಾಪುರದ ಅಕ್ಷಾಂಶ ಸುಮಾರು 16.7 ಡಿಗ್ರಿ. ಜೂನ್ 21ರ ಹೊತ್ತಿಗೆ ಸೂರ್ಯ ನೇರ ಪೂರ್ವದಿಂದ 24.5 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಸಾಲುಗಳು ದಿಕ್ಕಿಗೆ ಸರಿಯಾಗಿವೆ ಎಂದಿಟ್ಟುಕೊಂಡು ಪೂರ್ವಕ್ಕೆ ಎರಡು ಚೌಕ, ಉತ್ತರಕ್ಕೆ ಒಂದು ಚೌಕ ಎಣಿಸಿ ನೋಡಿದರೆ ಕೋನ 26.6 ಡಿಗ್ರಿ. ಹತ್ತಿರವೇನೋ ಹೌದು. ಆದರೆ ಯಾವ ಚುಕ್ಕಿಚೌಕ ಹಾಸಿದರೂ ಇದೇ ಬರುತ್ತದೆ, ನಮ್ಮವ್ವನ ರಂಗೋಲಿಯಲ್ಲೂ! ದಿಕ್ಕಷ್ಟೇ ಬೇಕಿದ್ದರೆ ಮೂರು ಕಲ್ಲು ಸಾಕಿತ್ತು. ಇಷ್ಟೊಂದು ಸಾಲು ಏಕೆ? ಸತ್ತವರ ಲೆಕ್ಕವೇ, ಪಂಗಡಕ್ಕೊಂದು ಕಲ್ಲೇ? ಮೇಲಾಗಿ, ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಮೋಡ ಕವಿದ ಆಕಾಶದಲ್ಲಿ ಸೂರ್ಯ ಹುಟ್ಟುವುದನ್ನು ಎಷ್ಟು ವರ್ಷ ಕಂಡಿದ್ದಾರು? ಡಿಸೆಂಬರಿನದಾದರೆ ಒಪ್ಪಬಹುದು. ಆಕಾಶ ತಿಳಿಯಾಗಿರುತ್ತದೆ, ಎಳ್ಳಮಾಸಿಗೆ ಸಜ್ಜಿರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗುವವರು ಇಂದಿಗೂ ಆಗ ಬಯಲಲ್ಲೇ ಇರುತ್ತಾರೆ.

"ಆಟ ಮಾಡಿದವರಿಗೆ ಮೇಲ್ ಹಾಕಿದ್ರ ಬಳೆ ಯಾಕಂತ ಹೇಳ್ತಾರ," ಎಂದ ಹುಡುಗ. "ಇವರಿಗೆ ಹ್ಯಾಂಗ ಕೇಳೋದು?"

ಹಳ್ಳಿಯ ಕಡೆಯಿಂದ ಬಂದ ಕುರಿಗಾಹಿ ಮುತ್ಯಾ ಇದನ್ನು ಕೇಳಿಸಿಕೊಂಡ. "ಹಿಂದಿನವರು ಇಟ್ಟಾರ. ಕುರಿಗೆ ನೆರಳಾತು, ನಮಗ ಕೂಡಾಕಾತು," ಎಂದು ಬೀಡಿ ಹಚ್ಚಿದ. ನೆರಳೇನೂ ಅಷ್ಟಿರಲಿಲ್ಲ.

ತಿರುಗಿ ನೋಡಿದರೆ ಹುಡುಗ ಮೊಬೈಲು ಜೇಬಿಗಿಟ್ಟು, ಒಂದು ಕಲ್ಲಿಗೆ ಗದ್ದ ಊರಿ, ಒಂದು ಕಣ್ಣು ಮುಚ್ಚಿ ಸಾಲಿನುದ್ದಕ್ಕೂ ನಿಟ್ಟಿಸುತ್ತಿದ್ದ.

"ಮಾಮಾ, ಸ್ವಲ್ಪ ಸರಿ. ನೀ ಅಡ್ಡ ನಿಂತೀದಿ."