ಡಾಂಬರು ಬೀಳುವ ಮುನ್ನ ಒಮ್ಮೆ ಓಡಿಸಿ ನೋಡೋಣ

ಇಪ್ಪತ್ತೆಂಟು ವರ್ಷ ರಸ್ತೆಗಳ ವಿನ್ಯಾಸ ಮಾಡಿದ್ದೇನೆ. ಅವುಗಳಲ್ಲಿ ಒಂದು ತಿರುವು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಬಯಲುಸೀಮೆಯ ರಸ್ತೆ ಅದು. ದಿಬ್ಬ ಹತ್ತಿ ಇಳಿಯುವಲ್ಲೇ ಎಡಕ್ಕೆ ಹೊರಳುತ್ತದೆ. ತಿರುವಿನ ತ್ರಿಜ್ಯವೂ ದಿಬ್ಬದ ಉಬ್ಬೂ ನಿಯಮದಂತೆಯೇ ಇದ್ದವು. ರಸ್ತೆ ತೆರೆದ ಮೇಲೆ ಹೋಗಿ ನೋಡಿದರೆ, ತಿರುವಿನುದ್ದಕ್ಕೂ ಟೈರು ಉಜ್ಜಿದ ಕಪ್ಪು ಗೆರೆಗಳು. ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಲಾರಿ ಚಾಲಕರೊಬ್ಬರನ್ನು ವಿಚಾರಿಸಿದೆ. "ಸಾರ್, ದಿಬ್ಬದ ತುದೀಲಿ ಆಕಾಶ ಬಿಟ್ರೆ ಏನೂ ಕಾಣಲ್ಲ. ರಸ್ತೆ ಎಲ್ಲಿ ಹೋಯ್ತು ಅಂತ ಹುಡುಕೋದ್ರೊಳಗೆ ತಿರುವು ಬಂದ್ಬಿಟ್ಟಿರುತ್ತೆ" ಎಂದರು.

ನನಗೇಕೆ ಅದು ಕಂಡಿರಲಿಲ್ಲ? ನಾವು ತಿರುವನ್ನು ಒಂದು ಹಾಳೆಯಲ್ಲಿ ಬಿಡಿಸುತ್ತೇವೆ, ಏರಿಳಿತವನ್ನು ಇನ್ನೊಂದರಲ್ಲಿ. ಚಾಲಕ ಎರಡನ್ನೂ ಒಂದೇ ನೋಟದಲ್ಲಿ ನೋಡಬೇಕು. ನಮ್ಮ ದೇಶದ ಮಾನದಂಡದಲ್ಲಿ ಅವನ ಕಣ್ಣು ರಸ್ತೆಯಿಂದ 1.2 ಮೀಟರ್ ಎತ್ತರದಲ್ಲಿದೆ. ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡಲು ಅವನಿಗೆ 2.5 ಸೆಕೆಂಡು ಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ ವಾಹನ ಸುಮಾರು 56 ಮೀಟರ್ ಓಡಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವನ್ನೂ ಸೇರಿಸಿ, ಆ ವೇಗಕ್ಕೆ ಮುಂದಿನ 120 ಮೀಟರ್ ರಸ್ತೆ ಕಾಣಲೇಬೇಕು ಎಂಬುದು ನಿಯಮ. ದಾರಿಯಲ್ಲಿ ಬಿದ್ದ ಕಲ್ಲು ಕಾಣುವುದಕ್ಕೆ ಈ ಲೆಕ್ಕ ಸಾಕು. ರಸ್ತೆ ಯಾವ ಕಡೆ ಹೊರಳುತ್ತದೆಂದು ಚಾಲಕನಿಗೆ ಮೊದಲೇ ತಿಳಿಯುತ್ತದೆಯೇ ಎಂಬುದಕ್ಕೆ ಈ ಲೆಕ್ಕದಲ್ಲಿ ಉತ್ತರವಿಲ್ಲ.

ಉತ್ತರ ಸಿಕ್ಕಿದ್ದು ವರ್ಷಗಳ ನಂತರ, ಒಂದು ಪ್ರಯೋಗಾಲಯದ ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ. ಕಾರಿನ ಸೀಟು, ಸ್ಟೇರಿಂಗು, ಪೆಡಲುಗಳು, ಎದುರಿಗೆ ಮೂರು ದೊಡ್ಡ ಪರದೆ. ನನ್ನ ಹಳೆಯ ವಿನ್ಯಾಸವನ್ನೇ ಅದಕ್ಕೆ ಕೊಟ್ಟೆ. ನಕ್ಷೆಯಲ್ಲಿರುವುದು ನೇರ ಗೆರೆ, ವೃತ್ತದ ಕಮಾನು, ಇವೆರಡನ್ನೂ ಬೆಸೆಯುವ ಸುರುಳಿ, ಜೊತೆಗೆ ಏರಿಳಿತ, ತಿರುವಿನಲ್ಲಿ ಹೊರ ಅಂಚನ್ನು ಎತ್ತರಿಸಿದ ಓರೆ. ಇವನ್ನೆಲ್ಲ 'ಓಪನ್‌ಡ್ರೈವ್'ನಂಥ ಕಡತದಲ್ಲಿ ತುಂಬಿದರೆ ಸಿಮ್ಯುಲೇಟರ್ ಅದನ್ನು ಓದಿ, ಚಕ್ರದಡಿಯ ನೆಲ ಎಷ್ಟು ವಾಲಿದೆ ಎಂದು ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ. ಆಮೇಲೆ ಮರ, ಫಲಕ, ತಡೆಗೋಡೆಗಳನ್ನು ನಿಲ್ಲಿಸಬೇಕು. ಈ ಕೆಲಸದಲ್ಲಿ ಅವಸರ ಸಲ್ಲದು. ರಸ್ತೆಯ ಮೈಯನ್ನು ದೊಡ್ಡ ದೊಡ್ಡ ತುಂಡುಗಳಾಗಿ ಕತ್ತರಿಸಿಬಿಟ್ಟರೆ ನುಣುಪಾದ ತಿರುವು ಮೂಲೆಮೂಲೆಯಾಗಿ, ಸ್ಟೇರಿಂಗು ಕೈಯಲ್ಲಿ ಅದುರತೊಡಗುತ್ತದೆ.

ನಾನೇ ಓಡಿಸಿದೆ. ದಿಬ್ಬದ ತುದಿಯಲ್ಲಿ ಪರದೆ ತುಂಬ ಆಕಾಶ. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಆ ಚಾಲಕರ ಮಾತು ಅಕ್ಷರಶಃ ನಿಜವಾಗಿತ್ತು. ತಿರುವನ್ನು ದಿಬ್ಬದ ತುದಿಗಿಂತ ಮೊದಲೇ ಆರಂಭಿಸಿ ಮತ್ತೆ ಓಡಿಸಿದೆವು. ಏರುವಾಗಲೇ ರಸ್ತೆ ಎಡಕ್ಕೆ ಬಾಗುವುದು ಕಂಡಿತು, ಕೈ ನಿಧಾನವಾಗಿ ಹೊರಳಿತು.

ನಕ್ಷೆಯಲ್ಲಿ ಬಿಡಿಸಲಾಗದ ಇನ್ನೊಂದು ಸಂಗತಿ ಚಾಲಕನ ಮನಸ್ಸು. ನಾರ್ವೆಯ ಲೇರ್‌ಡಾಲ್ ಸುರಂಗದ ಉದ್ದ 24.5 ಕಿ.ಮೀ. ಅದರೊಳಗೆ ಸುಮಾರು ಇಪ್ಪತ್ತು ನಿಮಿಷ ಬಂಡೆಯ ಗೋಡೆಗಳ ನಡುವೆಯೇ ಓಡಿಸಬೇಕು. ಬೇಸರದಿಂದ ಕಣ್ಣು ಮುಚ್ಚೀತು, ಕೆಲವರಿಗೆ ಉಸಿರು ಕಟ್ಟಿದಂತಾದೀತು. ಹಾಗಾಗಿ ಟ್ರಾಂಡ್‌ಹೈಮ್‌ನ ಸಿಂಟೆಫ್ ಸಂಶೋಧನಾ ಸಂಸ್ಥೆಯ ಮನಶ್ಶಾಸ್ತ್ರಜ್ಞರ ನೆರವಿನಿಂದ, ಸುರಂಗದ ಒಳರೂಪವನ್ನು ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿದರು. ಸುಮಾರು ಆರು ಕಿ.ಮೀ.ಗೊಂದರಂತೆ ಮೂರು ವಿಶಾಲ ಗುಹೆಗಳನ್ನು ಕೊರೆದು, ಮೇಲೆ ನೀಲಿ ಬೆಳಕು, ಅಂಚಿನಲ್ಲಿ ಸೂರ್ಯೋದಯದಂಥ ಹಳದಿ ಬೆಳಕು ಹರಿಸಿದರು. ಒಂದು ದೀರ್ಘ ಪಯಣ ನಾಲ್ಕು ಚಿಕ್ಕ ಪಯಣಗಳಾಯಿತು. 2000ದಲ್ಲಿ ಸುರಂಗ ಸಂಚಾರಕ್ಕೆ ತೆರೆಯಿತು.

ಸಿಮ್ಯುಲೇಟರ್‌ಗೂ ಮಿತಿಗಳಿವೆ. ಕಣ್ಣು ಓಡುತ್ತಿದೆ, ದೇಹ ಕೂತಲ್ಲೇ ಇದೆ. ಕೆಲವರಿಗೆ ತಲೆಸುತ್ತಿ ಓಕರಿಕೆ ಬರುತ್ತದೆ. ಪ್ರಾಣಭಯವಿಲ್ಲದ್ದರಿಂದ ಹಲವರು ನಿಜವಾದ ರಸ್ತೆಗಿಂತ ಜೋರಾಗಿ ಓಡಿಸುತ್ತಾರೆ. ಆದ್ದರಿಂದ ಅಲ್ಲಿ ಅಳೆದ ವೇಗವನ್ನು ಹಾಗೇ ನಂಬಬಾರದು. ಎರಡು ವಿನ್ಯಾಸಗಳಲ್ಲಿ ಯಾವುದು ಮೇಲು ಎಂದು ಹೋಲಿಸಲು ಮಾತ್ರ ಅದು ಒಳ್ಳೆಯ ಸಾಧನ.

ವಿನ್ಯಾಸದ ಮಾದರಿ ಈಗ ಎಂಜಿನಿಯರುಗಳ ಕಂಪ್ಯೂಟರಿನಲ್ಲಿ ಹೇಗೂ ತಯಾರಾಗುತ್ತದೆ. ಟೆಂಡರ್ ಕರೆಯುವ ಮೊದಲು, ಕಷ್ಟದ ತಿರುವುಗಳನ್ನಾದರೂ ಸಿಮ್ಯುಲೇಟರ್‌ಗೆ ಹಾಕಿ. ರಾತ್ರಿಯಿಡೀ ಲಾರಿ ಓಡಿಸುವವರನ್ನು, ಬಸ್ ಚಾಲಕರನ್ನು, ನಿನ್ನೆಯಷ್ಟೇ ಲೈಸೆನ್ಸ್ ಪಡೆದವರನ್ನು, ಕಣ್ಣು ಮಂಜಾಗತೊಡಗಿದ ಹಿರಿಯರನ್ನು ಕರೆದು ಕೂರಿಸಿ, ಅವರ ಮಾತು ಬರೆದುಕೊಳ್ಳಿ. ಕಟ್ಟಿದ ತಿರುವನ್ನು ತಿದ್ದಲು ಮತ್ತೆ ಜಮೀನು, ಹಣ, ವರ್ಷಗಳು ಬೇಕು. ಮಾದರಿಯಲ್ಲಿ ನನ್ನ ಆ ತಿರುವನ್ನು ತಿದ್ದಲು ಒಂದು ಮಧ್ಯಾಹ್ನ ಸಾಕಾಯಿತು.